ಕೊಕ್ಕೆಗಂಬಿ

ನಾಳೆ ತೀರ್ಪು ಕೊಡುವ ಇನ್ಸ್‌ಪೆಕ್ಟರ್ ಜಾಗ ನೋಡಲು ಬಂದಾಗ ಯಾರೂ ವಾದ ಮಾಡುವಂತಿಲ್ಲ, ಬೇಕಾದರೆ ಕೈ ತೋರಿಸಬಹುದು, ಬಾಯಿ ತೆರೆಯುವಂತಿಲ್ಲ ಎಂದು ತಮ್ಮ ಪರ ವಾದಿಸುವ ಆಲ್ಡ್ರಿಜ್ ನಿನ್ನೆ ಸಂಜೆ ಹೇಳಿ ಹೋದದ್ದು ಬೆಳಗಿನಿಂದ ಮಿಜೆಲಿಯ ಕಿವಿಯಲ್ಲಿ ಸುತ್ತುತ್ತಿತ್ತು. ಕ್ಯಾರವಾನಿನ ಹೊರಗಿನ ಹಲಗೆಯ ಮೇಲೆ ಬೋಗುಣಿಗಳನ್ನು ಸಾಲಾಗಿಟ್ಟು ನೀರು ಹೊಯ್ದಳು. ಪಾತ್ರೆಗೊಂದು, ಮುಖಕ್ಕೊಂದು, ಬಟ್ಟೆಗೊಂದು. ಒಂದರ ನೀರು ಇನ್ನೊಂದಕ್ಕೆ ಸೋಕಬಾರದು. ಅವಳ ಅವ್ವ ಕಲಿಸಿದ ಮಡಿ ಅದು; ಕುದುರೆಬಂಡಿಯ ಕಾಲದಲ್ಲಿ, ಕುಡಿಯುವ ನೀರಿಗೇ ಮೈಲಿ ನಡೆಯಬೇಕಾಗಿದ್ದಾಗಲೂ ಅವ್ವ ಅದನ್ನು ಬಿಟ್ಟಿರಲಿಲ್ಲ. ಬೇಲಿಯಾಚೆ, ಇಳಿಜಾರಿನ ಮೇಲೆ, ಮಿಸೆಸ್ ಹ್ಯಾರ್ಮರಳ ಕೆಂಪಿಟ್ಟಿಗೆ ಮನೆಯ ದೊಡ್ಡ ಕಿಟಕಿ ಎಂದಿನಂತೆ ಇತ್ತ ಮುಖ ಮಾಡಿ ನಿಂತಿತ್ತು. ಅದಕ್ಕೆ ಬೆನ್ನು ಕೊಟ್ಟು ಮುಖ ತೊಳೆಯುವುದು ಮಿಜೆಲಿಗೆ ಈಗ ಕೈ ಕೆಲಸದಷ್ಟೇ ಸಹಜ. ಮುಖ ಒರೆಸಿಕೊಂಡು ಪ್ರಾರ್ಥನೆಗೆ ಕಣ್ಣು ಮುಚ್ಚಿದಳು. ಶತ್ರುವಿಗಾಗಿ ಬೇಡಿಕೋ ಅಕ್ಕಾ, ಎದೆ ಹಗುರಾಗುತ್ತದೆ ಎಂದು ಗುಡಾರದ ಸಭೆಯಲ್ಲಿ ಬೋಧಕ ಜೋಬ್ ಹೇಳಿದ್ದ. ಕರ್ತನೇ, ಆ ಹೆಂಗಸನ್ನು ನೋಡಿಕೋ, ಎಂದು ಶುರು ಮಾಡಿದಳು. ಆಮೇಲೆ ಬಾಯಿ ತಾನಾಗಿ ಸಾಗಿತು. ಅವಳ ಗುಲಾಬಿಗೆ ಹುಳ ಹಿಡಿಯಲಿ. ಅವಳ ಮಂಡಿಯಲ್ಲಿ ಮುಳ್ಳು ಬೆಳೆಯಲಿ. ಕರೆದವರು ಅವಳ ಮನೆಗೆ ಬರದಿರಲಿ, ಬಂದವರು ಕೂರದಿರಲಿ. ಹಾಸಿಗೆಯಲ್ಲಿ ಮಗ್ಗುಲು ಹೊರಳಿಸುತ್ತ ಬೆಳಗು ಮಾಡಲಿ, ಮಾಡಿದ ಬೆಳಗೂ ಅವಳಿಗೆ ಬೆಳಕು ಕೊಡದಿರಲಿ. ಆಮೆನ್. ಎದೆ ಹಗುರಾಗಿತ್ತು. ಜೋಬ್ ಹೇಳಿದ್ದು ನಿಜವೇ.

"ಅವ್ವಾ, ಆ ಬೋಗುಣೀನ ಎಷ್ಟು ಉಜ್ತೀಯ? ತೂತು ಬಿದ್ದೋಗತ್ತೆ," ಎಂದಳು ಮಗಳು ಲೆಮ್ಮಿ, ತನ್ನ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತು ಪುಟ್ಟ ಮಗಳು ಪರ್ಲಳ ಜಡೆ ಹೆಣೆಯುತ್ತ.

"ಬೀಳ್ಲಿ. ಇನ್ನೊಂದು ತಂದ್ರಾಯ್ತು."

"ಇನ್ಸ್‌ಪೆಕ್ಟರಮ್ಮ ಬರೋ ಹೊತ್ತು. ಆ ಕಪ್ಪು ಸ್ಕರ್ಟು ಬಿಟ್ಟು ಬೇರೆ ಏನಾದ್ರೂ ಹಾಕ್ಕೋಬಾರ್ದಾ? ಕಾಗೆ ಥರ ಕಾಣ್ತೀಯ."

"ಕಾಗೆ ಕಂಡ್ರೂ ಅವರಿಗೆ ನೋಟ ಕೆಡತ್ತಾ? ಹಂಗಾದ್ರೆ ಕಾಗೆಗೂ ಪರವಾನಗಿ ತಗೋಬೇಕೇನೋ."

ಲೆಮ್ಮಿ ನಕ್ಕಳು, ಆದರೆ ಕಣ್ಣೆತ್ತಲಿಲ್ಲ. ನಿನ್ನೆಯಿಂದ ಅವಳು ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ.

ನಿನ್ನೆ ಊರ ಸಭಾಭವನದಲ್ಲಿ, ಕ್ಯಾರವಾನ್ ನಿಲ್ಲಿಸುವ ಪರವಾನಗಿಗಾಗಿ, ಮೇಲ್ಮನವಿಯ ವಿಚಾರಣೆ. ಈ ಹೊಲ ಊರ ಸುತ್ತ ಖಾಲಿ ಬಿಡಬೇಕಾದ ಹಸಿರು ಪಟ್ಟಿಗೆ ಸೇರಿದ್ದು. ಇಲ್ಲಿ ಏನನ್ನೂ ನಿಲ್ಲಿಸಬಾರದು, ನಿಲ್ಲಿಸಬೇಕಾದರೆ ಅತಿ ವಿಶೇಷ ಕಾರಣ ಇರಬೇಕು. ನೆಲ ಅವರದೇ, ಕುದುರೆ ಮಾರಿ ಕೊಂಡದ್ದು, ಆದರೆ ನೆಲ ತಮ್ಮದಾಗಿದ್ದರೆ ಸಾಲದು. ಆ ವಿಶೇಷ ಕಾರಣಗಳನ್ನು ಆಲ್ಡ್ರಿಜ್ ಒಂದೊಂದಾಗಿ ಎತ್ತಿ ಇಡಬೇಕಾಯಿತು, ಅವನ ಕೆಲಸವೇ ಅದು, ಒಳ್ಳೆಯವನೇ ಅವನು. ಪರ್ಲಳ ಉಬ್ಬಸ, ಅವಳ ಶಾಲೆ. ಅದು ಸಾಲದೆಂದು ಲೆಮ್ಮಿಯ ಬಸಿರು ನಿಲ್ಲದೆ ಹೋದದ್ದು, ಎರಡನೆಯದೂ ನಿಲ್ಲದೆ ಹೋದದ್ದು, ವೈದ್ಯರು ಆಮೇಲೆ ಬರೆದದ್ದು. ಅಷ್ಟು ಗಂಡಸರ ಎದುರು. ತಂಗಿಯ ಎದುರಾಗಲಿ ತಂದೆಯ ಎದುರಾಗಲಿ ಲೆಮ್ಮಿ ಎತ್ತಿರದ ಮಾತನ್ನು ಕಟುಕ, ಅಂಚೆಯವನು, ಚರ್ಚಿನ ಗಂಟೆ ಬಾರಿಸುವವನು ಕೂತು ಕೇಳಿದರು. ಲೆಮ್ಮಿ ತನ್ನ ಬೂಟನ್ನೇ ನೋಡುತ್ತಿದ್ದಳು. ತಕ್ಕಡಿಯ ಒಂದು ತಟ್ಟೆಗೆ ತನ್ನ ಮಗಳ ಹೊಟ್ಟೆಯೊಳಗಿನದನ್ನು ಹಾಕುತ್ತಿದ್ದಾರೆ, ಇನ್ನೊಂದು ತಟ್ಟೆಯಲ್ಲಿ ಮಿಸೆಸ್ ಹ್ಯಾರ್ಮರಳ ಕಿಟಕಿಯ ನೋಟವಿದೆ, ಯಾವುದು ತೂಕವೋ ನೋಡೋಣ ಎನ್ನುತ್ತಿದ್ದಾರೆ ಎಂದು ಮಿಜೆಲಿಗೆ ಅನಿಸಿತು. ಹ್ಯಾರ್ಮರ್ ಮುಂದಿನ ಸಾಲಿನಲ್ಲಿದ್ದಳು, ಹಸಿರು ಕೋಟು, ನುಣ್ಣಗೆ ಬಾಚಿದ ಬಿಳಿ ಕೂದಲು. ಅವಳು ಆ ಮಾತು ಬಂದಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು. ನಾಚಿಕೆಯಿಂದಲೇ ಇರಬಹುದು. ಆದರೆ ಅವಳು ನಾಚಿಕೊಂಡದ್ದೇ ಮಿಜೆಲಿಗೆ ಹೆಚ್ಚು ಚುಚ್ಚಿತು. ಇವರ ಮುಂದೆ ಬೆತ್ತಲಾಗಬೇಕು, ಬೆತ್ತಲಾದರೆ ಇವರಿಗೆ ಅಸಹ್ಯ.

ಆಮೇಲೆ ಅವಳ ಗಂಡನ ಹೆಸರು. ಸತ್ತವರ ಹೆಸರನ್ನು ಅವಳ ಮಂದಿ ಎತ್ತುವುದಿಲ್ಲ. ಎತ್ತಿದರೆ ಅವರು ಹೋದ ದಾರಿಯಿಂದ ತಿರುಗಿ ನೋಡುತ್ತಾರೆ, ಬರಬೇಕಾಗುತ್ತದೆ. ಮಣ್ಣು ಮಾಡಿದ ದಿನದಿಂದ ಮಿಜೆಲಿ ಎತ್ತಿರಲಿಲ್ಲ, ಲೆಮ್ಮಿ ಎತ್ತಿರಲಿಲ್ಲ, ಪರ್ಲಳಿಗೂ ಕಲಿಸಿದ್ದರು. ನಿನ್ನೆ ಕೌನ್ಸಿಲಿನ ವಕೀಲ ಅದನ್ನು ಪೂರ್ತಿಯಾಗಿ, ಹಿಂದಿನದು ಮುಂದಿನದು ಸೇರಿಸಿ, ಮತ್ತೆ ಮತ್ತೆ ಓದಿದ. ಮೊದಲಿನ ತಾತ್ಕಾಲಿಕ ಪರವಾನಗಿ ಇಂಥವನಿಗೆ ಮತ್ತು ಅವನ ಅವಲಂಬಿತರಿಗೆ ಮಾತ್ರ; ಇಂಥವನು ಇಲ್ಲವಾದ ಮೇಲೆ ಬಂಡಿಗಳನ್ನು ತೆಗೆದು, ಜಲ್ಲಿಯನ್ನು ಕಿತ್ತು, ಹುಲ್ಲು ಬಿತ್ತಬೇಕು; ಇಂಥವನು ಈಗ ಇಲ್ಲ. ಒಂದೊಂದು ಸಲ ಓದಿದಾಗಲೂ ಯಾರೋ ಅವನ ಕೋಟಿನ ತೋಳು ಹಿಡಿದು ಜಗ್ಗಿದಂತೆ. ಬಿಡಿ ಅವನನ್ನ, ಹೋಗಲಿ ಬಿಡಿ, ಎಂದು ಹಲ್ಲು ಕಚ್ಚಿ ಕೂತಿದ್ದಳು. ಪಕ್ಕದಲ್ಲಿ ಆಲ್ಡ್ರಿಜ್ ಮೆಲ್ಲಗೆ, "ನೀರು ಬೇಕಾ ಮಿಸೆಸ್ ಸ್ಕ್ಯಾಂಪ್?" ಎಂದಿದ್ದ.

ಕಳೆದ ಶರತ್ಕಾಲದಲ್ಲಿ, ಪರವಾನಗಿ ಮುಂದುವರಿಸುವ ಮಾತು ಬಂದಾಗ, ಇದೇ ಭವನ, ಇದೇ ಕುರ್ಚಿಗಳು. ಅವನು ಆಗ ಅವಳ ಪಕ್ಕದಲ್ಲಿ, ಮೂಗಿಗೆ ನಳಿಗೆ, ಕಾಲ ಬಳಿ ಆಕ್ಸಿಜನ್ ಸಿಲಿಂಡರ್. ಆ ಹೊತ್ತಿಗೆ ಸರ್ಕಾರ ಹೊಸ ಮಾತು ತಂದಿತ್ತು: ಕೆಲಸಕ್ಕಾಗಿ ಊರೂರು ತಿರುಗುವವನೇ ಜಿಪ್ಸಿ, ಮುಪ್ಪಿನಿಂದಲೋ ಕಾಯಿಲೆಯಿಂದಲೋ ತಿರುಗುವುದನ್ನು ಪೂರ್ತಿ ನಿಲ್ಲಿಸಿದವನು, ಪರವಾನಗಿಯ ಲೆಕ್ಕಕ್ಕೆ, ಜಿಪ್ಸಿಯಲ್ಲ. ಮಿಸೆಸ್ ಹ್ಯಾರ್ಮರ್ ಎದ್ದು ನಿಂತು, ಚರ್ಚಿನಲ್ಲಿ ಪಾಠ ಓದುವ ದನಿಯಲ್ಲಿ, "ನನಗೆ ಇವರ ಮೇಲೆ ದ್ವೇಷ ಏನಿಲ್ಲ. ನಮ್ಮ ಕಿಟಕಿಯಿಂದ ದಿನಾ ಕಾಣ್ತಾರೆ. ಅದೇ ಕುರ್ಚಿ, ಅದೇ ಜಾಗ. ಅಲೆಮಾರಿ ಅಂತ ಯಾವ ಅರ್ಥದಲ್ಲಿ ಹೇಳೋದು, ಅದನ್ನ ಯಾರಾದ್ರೂ ವಿವರಿಸಿದ್ರೆ ಉಪಕಾರ," ಎಂದಿದ್ದಳು. ಸಭೆ ನಕ್ಕಿತ್ತು, ಜೋರಾಗಿ ಅಲ್ಲ. ಅವನೂ ನಕ್ಕಿದ್ದ, ನಕ್ಕು ಕೆಮ್ಮಿದ್ದ. ರಾತ್ರಿ ಊಟ ಮಾಡಲಿಲ್ಲ. "ನನ್ನಪ್ಪ ಜಿಪ್ಸಿ, ಅವನಪ್ಪ ಜಿಪ್ಸಿ, ಶ್ವಾಸ ಸರಿಯಾಗಿ ಎಳೀದೆ ಇರೋದ್ರಿಂದ ನಾನು ಏನಾಗೋದೆ, ಮಿಜ್? ಬೇಕರಿಯವನಾ?" ಎಂದಿದ್ದ. ಮಾರನೆಯ ವಾರ ಚಿಕ್ಕ ಬಂಡಿಯನ್ನು ವ್ಯಾನಿಗೆ ಕಟ್ಟಿದ. ಉತ್ತರದ ಕಡೆ ಕುದುರೆ ಸಂತೆ, ದಾರಿಯಲ್ಲಿ ಅಂಗಳಗಳಿಗೆ ಟಾರು ಹಾಕುವ ಕೆಲಸ ಕೇಳುತ್ತ ಹೋಗುತ್ತೇನೆ, ಕೇಳಿದ್ದಕ್ಕೆ ಸಾಕ್ಷಿ ಇರತ್ತೆ, ತಿರುಗುತ್ತಿದ್ದೇನೆ ಅಂತ ಆಗತ್ತೆ ಎಂದ. ನವೆಂಬರ್. ಪರ್ಲಳಿಗೆ ಉಬ್ಬಸ ಏರಿತ್ತು, ಮಿಜೆಲಿ ಜೊತೆಗೆ ಹೋಗುವಂತಿರಲಿಲ್ಲ. ತಡೆಯಬಹುದಿತ್ತು. ಅವನ ಕೊರಳಿಗೆ ವಸ್ತ್ರ ಸುತ್ತುತ್ತ, ಆ ಕಿಟಕಿಯ ಕಡೆ ನೋಡುತ್ತ, "ಹೋಗು. ಹೋಗಿ ತೋರ್ಸು ಅವಳಿಗೆ," ಎಂದಿದ್ದಳು. ಹೆದ್ದಾರಿ ಪಕ್ಕದಲ್ಲಿ ಲಾರಿಗಳು ನಿಲ್ಲುವ ಜಾಗದಲ್ಲಿ ಬೆಳಿಗ್ಗೆ ಯಾರೋ ಲಾರಿಯವನು ಕಿಟಕಿ ತಟ್ಟಿದನಂತೆ, ಅವನು ಏಳಲಿಲ್ಲವಂತೆ. ಸಿಲಿಂಡರ್ ಖಾಲಿಯಾಗಿರಲಿಲ್ಲ. ಅದರ ತಿರುಪನ್ನು ಯಾರೂ ಮುಚ್ಚಿರಲಿಲ್ಲ, ನಳಿಗೆ ಮೂಗಿನಿಂದ ಜಾರಿತ್ತು. ನಿದ್ದೆಯಲ್ಲಿ ನಳಿಗೆ ಜಾರಿದರೆ ಎದ್ದು ಸರಿ ಮಾಡುತ್ತಿದ್ದವಳು ಇಲ್ಲಿದ್ದಳು.

"ಬಂದ್ರು," ಎಂದಳು ಲೆಮ್ಮಿ.

ಗೇಟಿನ ಬಳಿ ಕಾರುಗಳು ನಿಂತವು. ಸರ್ಕಾರ ತೀರ್ಪಿಗೆ ಕಳಿಸಿದ್ದ ಇನ್ಸ್‌ಪೆಕ್ಟರ್ ಮಿಸ್ ಫರ್ನಿವಲ್ ಕಾರಿನ ಹಿಂಬದಿ ಕೂತು ಷೂ ಬಿಚ್ಚಿ ರಬ್ಬರ್ ಬೂಟು ಹಾಕಿಕೊಂಡಳು. ಸಣ್ಣಗಿನ ಹೆಂಗಸು, ಗಾಳಿಗೆ ಕೆಂಪಾಗುವ ಮೂಗು. ಕೌನ್ಸಿಲಿನ ಯುವಕನೊಬ್ಬ ನಕ್ಷೆಯೊಂದಿಗೆ, ಆಲ್ಡ್ರಿಜ್ ತನ್ನ ಸುಕ್ಕುಗಟ್ಟಿದ ಮಳೆಕೋಟಿನೊಂದಿಗೆ, ಮಿಸೆಸ್ ಹ್ಯಾರ್ಮರ್ ಊರುಗೋಲಿನೊಂದಿಗೆ. ಗೇಟು ದಾಟುವಾಗ ಹ್ಯಾರ್ಮರ್ ಯಾರದೋ ಮನೆಗೆ ಬಂದವಳಂತೆ ಬೂಟನ್ನು ಹುಲ್ಲಿಗೆ ಒರೆಸಿದಳು. ಮಿಜೆಲಿ ಅದನ್ನು ಕಂಡು ಕಾಣದಂತೆ ನಿಂತಳು. ಒಳ್ಳೆಯ ನಡತೆ ಇವಳನ್ನು ಎಲ್ಲಿಯೂ ಬಿಡುವುದಿಲ್ಲ, ಎಂದುಕೊಂಡಳು. ಕೊರಳು ಒತ್ತುವಾಗಲೂ ಉಗುರು ತಾಗದಂತೆ ಒತ್ತುವ ಜಾತಿ.

"ನಿಯಮ ಎಲ್ಲರಿಗೂ ಗೊತ್ತಲ್ವಾ," ಎಂದಳು ಮಿಸ್ ಫರ್ನಿವಲ್. "ನಾನು ನೋಡ್ತೀನಿ ಅಷ್ಟೆ. ಯಾವುದನ್ನ ನೋಡ್ಬೇಕೋ ಅದನ್ನ ತೋರ್ಸಿ. ಪ್ರಕರಣದ ಬಗ್ಗೆ ಒಂದು ಮಾತೂ ಬೇಡ."

ಅವರು ನಡೆದರು. ವಿಚಿತ್ರ ಮೆರವಣಿಗೆ ಅದು. ಹಾಥಾರ್ನ್ ಬೇಲಿ ಬೆಳ್ಳಗೆ ಹೂ ಬಿಟ್ಟಿತ್ತು, ಕುರಿಮರಿಯೊಂದು ಎಲ್ಲೋ ಕೂಗುತ್ತಿತ್ತು, ಐದಾರು ಜನ ಒಬ್ಬರನ್ನೊಬ್ಬರು ನೋಡದೆ ಅವಳ ಬದುಕಿನ ಸುತ್ತ ನಡೆಯುತ್ತಿದ್ದರು. ಕೌನ್ಸಿಲಿನ ಯುವಕ ಜಲ್ಲಿಯನ್ನು ತೋರಿಸಿದ. ಆಲ್ಡ್ರಿಜ್ ಬೇಲಿಯನ್ನು ತೋರಿಸಿದ. ಹ್ಯಾರ್ಮರ್ ಕ್ಯಾರವಾನಿನ ಬಿಳಿ ಚಾವಣಿಯನ್ನು ಕೋಲಿನಿಂದ ತೋರಿಸಿದಳು. ಯುವಕ ಆಮೇಲೆ ಹೊಲದ ಮೂಲೆಗೆ ನಡೆದು, ಸುಟ್ಟ ಕಪ್ಪು ವೃತ್ತವನ್ನು ಬೆರಳಿನಿಂದ ತೋರಿಸಿದ. ಅಲ್ಲಿ ಈಗ ಗಿಡಗಂಟಿ ಎದ್ದಿತ್ತು, ಹುಲ್ಲು ಮಾತ್ರ ಹುಟ್ಟಿರಲಿಲ್ಲ. ಆಲ್ಡ್ರಿಜ್ ಮಿಜೆಲಿಯ ಕಡೆ ನೋಡಿದ. ಆ ಬೆಂಕಿಯ ಮಾತೇ ಎತ್ತಬೇಡಿ ಎಂದು ಅವನು ಗಟ್ಟಿಯಾಗಿ ಹೇಳಿದ್ದ. ಹೊಲದಲ್ಲಿ ಏನನ್ನೂ ಸುಡಕೂಡದು ಎಂಬುದು ಪರವಾನಗಿಯ ಷರತ್ತು. ವ್ಯಾಪಾರದ ಕಸ ಸುಟ್ಟರೆಂದು ಊರವರ ದೂರು. ಏನು ಸುಟ್ಟರು, ಯಾರು ಸುಟ್ಟರು ಎಂಬುದಕ್ಕೆ ಪುರಾವೆಯಿಲ್ಲ. ನೀವಾಗಿ ಒಪ್ಪಿಕೊಂಡ ಗಳಿಗೆ, ಷರತ್ತು ಮುರಿದವರಿಗೆ ಮತ್ತೆ ಪರವಾನಗಿ ಯಾಕೆ ಎಂದು ಕೇಳುತ್ತಾರೆ, ಆಗ ನನ್ನ ಕೈಲಿ ಏನೂ ಇಲ್ಲ. ಹೀಗೆ ಹೇಳಿದ್ದ. ಮಿಜೆಲಿ ಕಪ್ಪು ವೃತ್ತವನ್ನು ನೋಡಿದಳು. ಕಸ. ಗಂಡನನ್ನು ಮಣ್ಣು ಮಾಡಿ ಮರಳಿದ ಸಂಜೆ ಅವನ ಚಿಕ್ಕ ಬಂಡಿಯನ್ನು ಅಲ್ಲಿಗೆ ಎಳೆದು ತಂದಿದ್ದರು. ಅವನ ಹಾಸಿಗೆ, ಅವನ ಕೋಟು, ಕಿಟಕಿಯಿಂದ ಕಾಣುತ್ತಿದ್ದ ಆ ಕುರ್ಚಿ. ಮದುವೆಗೆ ಬಂದ ಚಿನ್ನದಂಚಿನ ಪಿಂಗಾಣಿ ತಟ್ಟೆಗಳನ್ನು ಅವಳೇ ಒಂದೊಂದಾಗಿ ಬಂಡಿಯ ಚಕ್ರಕ್ಕೆ ಬಡಿದು ಒಡೆದಳು. ಏನನ್ನೂ ಉಳಿಸಿಕೊಳ್ಳಬಾರದು, ಉಳಿದದ್ದರ ಹಿಂದೆ ಅವನೂ ಉಳಿಯುತ್ತಾನೆ. ಉರಿ ಬೇಲಿಗಿಂತ ಎತ್ತರ ಎದ್ದಿತ್ತು. ಹ್ಯಾರ್ಮರಳ ಕಿಟಕಿಯ ಗಾಜು ಅಷ್ಟೂ ಹೊತ್ತು ಕೆಂಪಗೆ ಹೊಳೆಯುತ್ತಿತ್ತು, ಅವಳ ಮನೆಗೂ ಬೆಂಕಿ ಬಿದ್ದಿದೆಯೇನೋ ಎಂಬಂತೆ. ಆ ಒಂದು ನೋಟವನ್ನು ಮಿಜೆಲಿ ಚಳಿಗಾಲವೆಲ್ಲ ಮತ್ತೆ ಮತ್ತೆ ತೆಗೆದು ನೋಡಿಕೊಂಡಿದ್ದಳು. ಕಬ್ಬಿಣ ಮಾತ್ರ ಸುಡುವುದಿಲ್ಲ. ಸುಡದೆ ಉಳಿದದ್ದನ್ನು ಆಳದ ನೀರಿಗೆ ಹಾಕಬೇಕು. ಬೇಲಿಯ ತುದಿಯಲ್ಲಿ ಹಳೆಯ ಕೊಳ. ಬಿಯರಿಗೆ ಹಾಕುವ ಹಾಪ್ಸ್ ಹೂ ಬಿಡಿಸಲು ಬರುತ್ತಿದ್ದ ಕಾಲದಲ್ಲಿ ಅವರೆಲ್ಲರ ಕುದುರೆಗಳು ನೀರು ಕುಡಿದ ಕೊಳ. ಮಾರನೆಯ ಮುಂಜಾನೆ ಬೂದಿ ಕೆದಕಿ, ಇನ್ನೂ ಬಿಸಿಯಿದ್ದ ಕಬ್ಬಿಣವನ್ನು ಗೋಣಿಯಲ್ಲಿ ಸುತ್ತಿ, ಅವಳು ಅದನ್ನು ನೀರಿಗೆ ಬಿಟ್ಟಳು. ಕೊಳ ಯಾರದು ಎಂದು ಅವಳಿಗೆ ಹೊಳೆಯಲೇ ಇಲ್ಲ. ಕೊಳಕ್ಕೆ ಯಾರಾದರೂ ಒಡೆಯರಿರುತ್ತಾರೆ ಎಂದು ಅವಳ ಮಂದಿಯಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ.

"ಇನ್ನು ಆ ಮನೆಯಿಂದ ಇದು ಹೇಗೆ ಕಾಣತ್ತೆ ನೋಡ್ಬೇಕು," ಎಂದಳು ಮಿಸ್ ಫರ್ನಿವಲ್. "ಎರಡೂ ಕಡೆಯವರು ಜೊತೆಗಿರ್ಬೇಕು."

"ಖಂಡಿತ, ಬನ್ನಿ," ಎಂದಳು ಹ್ಯಾರ್ಮರ್. "ಮನೆ ಸ್ವಲ್ಪ ಹರಡ್ಕೊಂಡಿದೆ, ಕ್ಷಮಿಸ್ಬೇಕು."

ಲೆಮ್ಮಿ ತಾಯಿಯ ತೋಳು ಹಿಡಿದಳು. "ಅವ್ವಾ, ನೀ ಬೇಡ, ನಾ ಹೋಗ್ತೀನಿ."

"ನೀ ನಿನ್ನೆ ಹೋದದ್ದು ಸಾಕು," ಎಂದಳು ಮಿಜೆಲಿ.

ಆ ಮನೆಯ ಹಿತ್ತಲಿನ ಪಂಪಿನ ತನಕ ಅವಳು ಹೋಗಿದ್ದುಂಟು, ಹುಡುಗಿಯಾಗಿದ್ದಾಗ. ಆಗ ಇದು ಹ್ಯಾರ್ಮರಳ ತಂದೆಯ ತೋಟದ ಮನೆ. ಸೆಪ್ಟೆಂಬರ್ ಬಂದರೆ ಬಂಡಿಗಳು ಇದೇ ಹೊಲದಲ್ಲಿ ಸಾಲಾಗಿ ನಿಲ್ಲುತ್ತಿದ್ದವು, ಯಾರೂ ನೋಟ ಕೆಟ್ಟಿತೆನ್ನುತ್ತಿರಲಿಲ್ಲ, ಹಾಪ್ಸ್ ಬಳ್ಳಿ ಬಿಡಿಸುವ ಕೈ ಬೇಕಿತ್ತು. ಪಂಪಿನ ಪಕ್ಕದ ಮೊಳೆಯಲ್ಲಿ ಜಿಪ್ಸಿಗಳಿಗೆಂದೇ ಎನಾಮಲ್ ಕಿತ್ತುಹೋದ ಒಂದು ಲೋಟ ತೂಗುತ್ತಿತ್ತು. ಮನೆಯ ಅಮ್ಮನವರು ಅದರಲ್ಲಿ ಚಹಾ ಹೊಯ್ದು ಕೊಟ್ಟರೆ ಮಿಜೆಲಿಯ ಅವ್ವ ತಲೆಬಾಗಿ ತೆಗೆದುಕೊಂಡು, ಬೇಲಿಯ ಹಿಂದೆ ಹೋಗಿ ಚೆಲ್ಲುತ್ತಿದ್ದಳು. ಪಾತ್ರೆ ತೊಳೆಯುವ ತೊಟ್ಟಿಯಲ್ಲೇ ಕಾಲುಚೀಲ ಒಗೆಯುವವರ ಕೈ ನೀರು ಕುಡಿಯುವುದೆಂತು? ಇಬ್ಬರಿಗೂ ಇನ್ನೊಬ್ಬರು ಮೈಲಿಗೆ. ಮನೆಯ ಪುಟ್ಟ ಹುಡುಗಿ ಬೆಂಕಿಯ ಬಳಿ ಬಂದು ನಿಲ್ಲುತ್ತಿದ್ದಳು, ಬಿಳಿ ಕಾಲುಚೀಲ, ಕೈ ಹಿಂದೆ ಕಟ್ಟಿಕೊಂಡು. ಸ್ಕ್ಯಾಂಪ್ ಮನೆತನದ ಹುಡುಗನೊಬ್ಬ ಅವಳಿಗೆ ತಮಾಷೆ ತೋರಿಸಲೆಂದು ಕಾದ ಕೆಟಲಿನಲ್ಲಿ ಶಿಳ್ಳೆ ಹೊಡೆಸುತ್ತಿದ್ದ. ಮಿಜೆಲಿಗೆ ಆಗಲೇ ಆ ಹುಡುಗನ ಮೇಲೆ ಕಣ್ಣು, ಆಗಲೇ ಆ ಬಿಳಿ ಕಾಲುಚೀಲದ ಮೇಲೆ ಕಿಚ್ಚು.

ಒಳಗೆ ಮೇಣದ ವಾಸನೆ. ಗಡಿಯಾರದ ಸದ್ದು. ಒದ್ದೆ ಕೋಟುಗಳು ತೂಗುವ ಕಿರಿದಾದ ಹಜಾರ ದಾಟಿ ಕೂರುವ ಕೋಣೆ. "ಚಹಾ ಮಾಡ್ಲಾ ಯಾರಿಗಾದ್ರೂ?" ಎಂದಳು ಹ್ಯಾರ್ಮರ್. ಮಿಸ್ ಫರ್ನಿವಲ್ ತಾನು ಯಾರ ಮನೆಯಲ್ಲೂ ಏನೂ ಮುಟ್ಟುವಂತಿಲ್ಲವೆಂದು ತಲೆಯಾಡಿಸಿದಳು. "ನೀವು, ಮಿಸೆಸ್ ಸ್ಕ್ಯಾಂಪ್?" "ಬೇಡ," ಎಂದಳು ಮಿಜೆಲಿ. ಎಲ್ಲರೂ ಕಿಟಕಿಯ ಬಳಿಗೆ ಹೋದರು. ಮಿಜೆಲಿ ಹಿಂದಿನಿಂದ, ಅವರ ಭುಜಗಳ ನಡುವಿನಿಂದ, ತನ್ನ ಬದುಕನ್ನು ಮೊದಲ ಸಲ ಇಲ್ಲಿಂದ ಕಂಡಳು. ಬೇಲಿ, ಅದರ ಮೇಲೆ ಬಿಳಿಯ ಚಾವಣಿಗಳು, ತಂತಿಯ ಮೇಲೆ ಪರ್ಲಳ ಕೆಂಪು ಫ್ರಾಕು, ಹಲಗೆಯ ಮೇಲೆ ಬೋಗುಣಿಗಳು. ಎಷ್ಟು ಸಣ್ಣದು. ಒಂದು ಹಸ್ತ ಅಡ್ಡ ಹಿಡಿದರೆ ಮುಚ್ಚಿಹೋಗುತ್ತಿತ್ತು. ಇಷ್ಟಕ್ಕೆ ಇವಳು ಹೊಟ್ಟೆ ಉರಿದುಕೊಂಡಳೇ? ಹ್ಯಾರ್ಮರ್ ಕೋಲೆತ್ತಿ ತೋರಿಸಿದಳು. ಮಿಸ್ ಫರ್ನಿವಲ್ ಬರೆದುಕೊಂಡಳು. ಇನ್ನು ನೋಡಲಾರೆನೆಂದು ಮಿಜೆಲಿ ಒಳಕ್ಕೆ ತಿರುಗಿದಳು, ತಿರುಗಿ ಅಗ್ಗಿಷ್ಟಿಕೆಯ ಮೇಲಿನ ಗೋಡೆಯನ್ನು ನೋಡಿದಳು.

ಅಲ್ಲಿ ಕೊಕ್ಕೆಗಂಬಿ ತೂಗುತ್ತಿತ್ತು. ಬೆಂಕಿಯ ಪಕ್ಕ ನೆಲಕ್ಕೆ ಚುಚ್ಚಿ, ಬಾಗಿದ ತುದಿಗೆ ಕೆಟಲ್ ತೂಗುಹಾಕುವ ಕಬ್ಬಿಣದ ಕಂಬಿ. ಅಂಥವು ಎಷ್ಟೋ ಇದ್ದಾವು, ಆದರೆ ಇದರ ಕತ್ತಿನ ಮುರಿ ಎಡಕ್ಕೆ ಸುತ್ತಿತ್ತು, ಏಕೆಂದರೆ ಅವನ ಅಜ್ಜ ಎಡಗೈಯವನು. ಚುಚ್ಚುವ ತುದಿ ಸ್ವಲ್ಪ ಡೊಂಕು, ಏಕೆಂದರೆ ಅವರ ಮದುವೆಯ ವರ್ಷ ಕುದುರೆಯೊಂದು ಅದನ್ನು ತುಳಿದಿತ್ತು. ಅದನ್ನು ಉಜ್ಜಿ, ಕಪ್ಪು ಬಳಿದು, ಮಿರುಗುವಂತೆ ಮಾಡಿದ್ದರು. ಕೊಕ್ಕೆಗೆ ಒಣಗಿದ ಹೂವಿನ ಗೊಂಚಲು ಕಟ್ಟಿದ್ದರು. ಹಾಗಾದರೆ ಅವನು ಹೋಗಿಲ್ಲ. ಇಷ್ಟು ತಿಂಗಳು ಅವನು ಹೋದನೆಂದು, ಕರ್ತನ ಬಳಿ ಉಸಿರಾಡಿಕೊಂಡಿದ್ದಾನೆಂದು ಅವಳು ನಂಬಿದ್ದಳು. ಅವನು ಇಲ್ಲಿ ಈ ಗೋಡೆಗೆ ಮೊಳೆ ಹೊಡೆಸಿಕೊಂಡು ಹೂ ಹಿಡಿದು ನಿಂತಿದ್ದ. ಅವಳ ಬಲಗೈ ತಾನಾಗಿ ಮೇಲಕ್ಕೆ ಎದ್ದಿತ್ತು. ತೆಗೆದುಕೊಂಡುಬಿಡಬೇಕು. ಇದು ನನ್ನ ಗಂಡಂದು, ಸುಟ್ಟೋರು ನಾವೇ, ನೀರಿಗೆ ಹಾಕಿದೋಳು ನಾನೇ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ, ಅವನನ್ನ ಮಾತ್ರ ಬಿಡಿ. ಇಷ್ಟೇ ಮಾತು. ಆ ಮಾತಿನ ಬೆಲೆ ಹೊಲ. ಹೊಲ ಹೋದರೆ ಲೆಮ್ಮಿ, ಪರ್ಲ್, ಮತ್ತೆ ರಸ್ತೆಯ ಬದಿ, ಲಾರಿಗಳ ಹೊಗೆ. ಅವನಿದ್ದಿದ್ದರೆ ಏನೆನ್ನುತ್ತಿದ್ದನೋ. ಅದೇನೇ ಇರಲಿ, ಕೈ ಏಳುತ್ತಿತ್ತು.

"ಓ, ಅದನ್ನ ನೋಡಿದ್ರಾ?" ಎಂದಳು ಹ್ಯಾರ್ಮರ್. ಅವಳ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಇದು ಪ್ರಕರಣದ ಮಾತಲ್ಲ, ಅಲ್ವಾ ಮಿಸ್ ಫರ್ನಿವಲ್? ಚಳಿಗಾಲದ ಕೊನೇಲಿ ಕೊಳದ ಹೂಳು ತೆಗೆಸ್ದಾಗ ಸಿಕ್ತು. ಎಷ್ಟು ಹಳೇದೋ ಏನೋ. ಇದೇನು ಅಂತ ನಿಮಗೆ ಗೊತ್ತಿರ್ಬೇಕಲ್ಲ, ಮಿಸೆಸ್ ಸ್ಕ್ಯಾಂಪ್?"

ಮಿಸ್ ಫರ್ನಿವಲ್ ಬರೆಯುವುದನ್ನು ನಿಲ್ಲಿಸಿ ನೋಡಿದಳು. ಆಲ್ಡ್ರಿಜ್‌ಗೆ ಏನೂ ತಿಳಿಯದಿದ್ದರೂ ಏನೋ ಆಗುತ್ತಿದೆ ಎಂದು ತಿಳಿದು ಗಂಟಲು ಸರಿಮಾಡಿಕೊಂಡ.

"ಗೊತ್ತು," ಎಂದಳು ಮಿಜೆಲಿ.

"ನನಗೂ ಚಿಕ್ಕಂದಿನ ನೆನಪು. ನಮ್ಮಪ್ಪನ ಹೊಲದಲ್ಲಿ ಬರ್ತಿದ್ರಲ್ಲ, ಕುದುರೆ, ಬಣ್ಣದ ಬಂಡಿ. ಒಬ್ಬ ಹುಡುಗ ಇದ್ದ, ಕೆಟಲ್‌ನಲ್ಲಿ ಶಿಳ್ಳೆ ಹೊಡೆಸ್ತಿದ್ದ." ಹ್ಯಾರ್ಮರ್ ಕಂಬಿಯನ್ನು ಬೆರಳ ತುದಿಯಿಂದ ಮುಟ್ಟಿದಳು, ಮಗುವಿನ ಗಲ್ಲ ಮುಟ್ಟುವಂತೆ. "ಅವರು ನಿಜವಾದ ಜಿಪ್ಸಿಗಳು. ಎಲ್ಲಿ ಹೋದ್ರೋ ಅವರೆಲ್ಲ. ಅದನ್ನ ನೆನೆಸ್ಕೊಂಡ್ರೆ ಬೇಜಾರಾಗತ್ತೆ."

ಮಿಜೆಲಿಯ ಕೈ ಕೆಳಗಿಳಿಯಿತು. ಒಂದು ಕ್ಷಣ ಅವಳೊಳಗೆ ಏನೂ ಇರಲಿಲ್ಲ, ಕುದಿಯುವ ಮುಂಚಿನ ನೀರಿನಂತೆ ಸುಮ್ಮನಿತ್ತು. ಶಿಳ್ಳೆ ಹೊಡೆಸಿದ ಹುಡುಗನನ್ನು ಈ ಹೆಂಗಸು ಅರವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ, ಕಿಟಕಿಯಿಂದ ದಿನಾ ಕಂಡ ಮುದುಕ ಅವನೇ ಎಂದು ಇವಳಿಗೆ ಗೊತ್ತಿಲ್ಲ. ಹುಡುಗ ನಿಜವಾದವನು, ಮುದುಕ ಅಲ್ಲ. ಮುದುಕನನ್ನು ಅಲೆಮಾರಿಯೇ ಎಂದು ಕೇಳಿ ಹೆದ್ದಾರಿಗೆ ಕಳಿಸಿದಳು, ಅವನ ಕಬ್ಬಿಣಕ್ಕೆ ಹೂ ಕಟ್ಟಿದಳು. ಸರಿ. ಬೇಕಲ್ಲವೇ ನಿನಗೆ ನಿಜವಾದವನು. ಬೆಳಗ್ಗೆ ಕರ್ತನಲ್ಲಿ ಕೇಳಿಕೊಂಡದ್ದೆಲ್ಲ ಈಗ ತನ್ನ ಕೈಯಲ್ಲೇ ಇದೆ ಎಂದು ಅವಳಿಗೆ ತಿಳಿಯಿತು, ಕೇಳಬೇಕಾಗೇ ಇರಲಿಲ್ಲ.

"ಚೆನ್ನಾಗಿದೆ," ಎಂದಳು. "ಅಲ್ಲೇ ಇರ್ಲಿ. ತೆಗೀಬೇಡಿ ಮತ್ತೆ ಅದನ್ನ."

"ಇಲ್ಲಪ್ಪ, ತೆಗೆಯೋದುಂಟೇ," ಎಂದಳು ಹ್ಯಾರ್ಮರ್. "ನೀವು ಹೇಳಿದ್ದು ಕೇಳಿ ಖುಷಿಯಾಯ್ತು."

ಅವರು ಹಜಾರದ ಕಡೆ ಹೊರಟರು. ಮಿಸ್ ಫರ್ನಿವಲ್ ಬಾಗಿಲ ಬಳಿ ಬಿಟ್ಟಿದ್ದ ಬೂಟುಗಳನ್ನು ಹುಡುಕುತ್ತಿದ್ದಳು, ಆಲ್ಡ್ರಿಜ್ ಅವಳಿಗೆ ತೋಳು ಕೊಟ್ಟಿದ್ದ. ಮಿಜೆಲಿ ಕಡೆಯವಳಾಗಿ ಉಳಿದಳು. ಅಗ್ಗಿಷ್ಟಿಕೆಯ ಹತ್ತಿರಕ್ಕೆ ಹೋದಳು. ಕಬ್ಬಿಣದಿಂದ ಮೇಣದ ವಾಸನೆ ಬರುತ್ತಿತ್ತು, ಬೆಂಕಿಯದಲ್ಲ. ಮಣ್ಣು ಮಾಡಿದ ದಿನದಿಂದ ಮುಚ್ಚಿಟ್ಟಿದ್ದ ಹೆಸರನ್ನು ಅವಳು ಬಾಯಿಗೆ ತಂದುಕೊಂಡಳು. ಅದು ನಾಲಗೆಯ ಮೇಲೆ ಇನ್ನೂ ಬೆಚ್ಚಗಿತ್ತು.

"ಆಂಬ್ರೋಸ್," ಎಂದಳು. "ಆಂಬ್ರೋಸ್, ಇಲ್ಲೇ ಇರು. ತೋರ್ಸು ಅವಳಿಗೆ."

ಹಾದಿಯಲ್ಲಿ ಆಲ್ಡ್ರಿಜ್ ಕಾರಿನ ಬಾಗಿಲು ಹಿಡಿದು, "ಚೆನ್ನಾಗಾಯ್ತು ಅನ್ಸತ್ತೆ. ನೀವು ಬಾಯಿ ಬಿಡ್ಲಿಲ್ಲವಲ್ಲ, ಅದೇ ದೊಡ್ಡದು. ತೀರ್ಪು ಬರೋಕೆ ಕೆಲವು ವಾರ ಹಿಡಿಯತ್ತೆ," ಎಂದ. "ಅವರ ಜೊತೆ ಒಳ್ಳೆ ಮಾತಾಡಿದ್ರಿ, ಅದೂ ಒಳ್ಳೇದೇ." ಮಿಜೆಲಿ ತಲೆಯಾಡಿಸಿದಳು. ಇಳಿಜಾರು ಇಳಿಯುವಾಗ ಅವಳ ಕಾಲು ಹುಡುಗಿಯ ಕಾಲಿನಂತೆ ಹಗುರಾಗಿತ್ತು. ಅವಳು ಆಲೂಗಡ್ಡೆ ಸುಲಿದಳು, ಬೇಕನ್ ಹಾಕಿ ಪುಡ್ಡಿಂಗ್ ಬೇಯಲಿಟ್ಟಳು, ಪರ್ಲಳಿಗೆ ಕಥೆ ಹೇಳಿದಳು. ಲೆಮ್ಮಿ ಒಂದೆರಡು ಸಲ ಅವಳನ್ನು ನೋಡಿದಳು.

"ಏನವ್ವಾ, ಗೆದ್ದು ಬಂದೋರ ಹಂಗಿದ್ದೀಯ? ಏನಂದ್ಲು ಆ ಯಮ್ಮ?"

"ಚಹಾ ಕೊಡ್ಲಾ ಅಂದ್ಲು."

"ಕುಡುದ್ಯಾ?"

"ಹುಚ್ಚೀನಾ ನೀನು?"

ಸಂಜೆ ಉದ್ದವಾಗಿತ್ತು, ಮೇ ತಿಂಗಳ ಸಂಜೆ. ಮಿಜೆಲಿ ಮೆಟ್ಟಿಲ ಮೇಲೆ ಕೂತು, ಎಷ್ಟೋ ಕಾಲದ ನಂತರ, ಆ ಕಿಟಕಿಗೆ ಮುಖ ಮಾಡಿದಳು. ಅಲ್ಲಿ ಏನಾಗುತ್ತದೆ ಎಂಬುದನ್ನು ಅವಳು ನಿಧಾನವಾಗಿ, ರುಚಿ ನೋಡುತ್ತ, ಕಣ್ಣ ಮುಂದೆ ತಂದುಕೊಂಡಳು. ಮೊದಲು ತಂಬಾಕಿನ ವಾಸನೆ, ಯಾರೂ ಸೇದದ ಮನೆಯಲ್ಲಿ. ಆಮೇಲೆ ಮೆಟ್ಟಿಲ ಮೇಲೆ ಕೆಮ್ಮು. ಹ್ಯಾರ್ಮರ್ ಎದ್ದು ಕೂತು, ಯಾರು ಎನ್ನುತ್ತಾಳೆ. ಕೆಮ್ಮು ಇನ್ನೊಂದು ಮೆಟ್ಟಿಲು ಹತ್ತುತ್ತದೆ. ಒಣಗಿದ ಹೂ ಉದುರುತ್ತದೆ. ಕೆಮ್ಮಿ ಕೆಮ್ಮಿ ಅವನು ಗೋಡೆ ಹಿಡಿದು ನಿಲ್ಲುತ್ತಾನೆ, ನಳಿಗೆಗಾಗಿ ಮೂಗಿನ ಬಳಿ ತಡಕುತ್ತಾನೆ. ಅಲ್ಲಿ ಮಿಜೆಲಿ ತಡೆದಳು. ಅವಳ ಎಣಿಕೆಯಲ್ಲಿ ಕೆಮ್ಮು ಮಾತ್ರ ಇತ್ತು. ಕೆಮ್ಮುವವನನ್ನು ಅವಳು ಅದರಲ್ಲಿ ಈ ತನಕ ನೋಡಿರಲಿಲ್ಲ. ಅವನು ಹುಟ್ಟಿದ್ದು ಬಂಡಿಯಲ್ಲಿ, ಗಾರೆಯ ಚಾವಣಿಯ ಕೆಳಗೆ ಒಂದು ರಾತ್ರಿಯೂ ಮಲಗಿದವನಲ್ಲ. ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತೇವೆಂದಾಗ ಪೈಜಾಮದಲ್ಲೇ ಎದ್ದು ಬಂದಿದ್ದ, ಗೋಡೆ ಎದೆ ಮೇಲೆ ಕೂತ ಹಾಗಾಗತ್ತೆ ಮಿಜ್ ಎಂದಿದ್ದ. ಆ ಮನೆಯ ಕಿಟಕಿಗಳು ದೊಡ್ಡವು, ಆದರೆ ತೆರೆಯುವುದಿಲ್ಲ. ಅವಳು ಕರ್ತನನ್ನು ಕರೆಯಲು ಕಣ್ಣು ಮುಚ್ಚಿದಳು. ಬೆಳಗಿನ ಮಾತುಗಳೇ ಒಂದರ ಹಿಂದೊಂದು ಬಂದು ಸಾಲು ನಿಂತವು, ಹಾಸಿಗೆಯಲ್ಲಿ ಮಗ್ಗುಲು ಹೊರಳಿಸುತ್ತ ಬೆಳಗು ಮಾಡಲಿ, ಮಾಡಿದ ಬೆಳಗೂ ಬೆಳಕು ಕೊಡದಿರಲಿ, ಯಾರಿಗೆಂದು ಹೇಳಿದ್ದೆ ಎಂದು ಅವಳಿಗೆ ನೆನಪಾಗಲಿಲ್ಲ. ತೋರ್ಸು ಅವಳಿಗೆ. ಅದೇ ಮಾತು. ಅದೇ ಮಾತಿನಿಂದ ಎರಡನೆಯ ಸಲ ಕಳಿಸಿದ್ದಳು, ಅವನು ಎರಡನೆಯ ಸಲವೂ ಏನೂ ಅನ್ನದೆ ಹೋಗಿದ್ದ.

ಇಳಿಜಾರಿನ ಮೇಲೆ ದೀಪ ಹತ್ತಿತು. ಹ್ಯಾರ್ಮರ್ ದಿನದಂತೆ ಪರದೆ ಎಳೆಯಲು ಬಂದು, ದಿನದಂತೆ ಒಂದು ಗಳಿಗೆ ಇತ್ತ ನೋಡುತ್ತ ನಿಂತಳು. ಅವಳ ಹಿಂದೆ, ಬೆಳಕಿನಲ್ಲಿ, ಅಗ್ಗಿಷ್ಟಿಕೆಯ ಗೋಡೆ. ಇಷ್ಟು ದೂರದಿಂದ ಕಂಬಿ ಕಾಣುವಂತಿರಲಿಲ್ಲ. ಮಿಜೆಲಿ ಎದ್ದು ನಿಂತಳು. ಹುಲ್ಲಿಗಿಳಿದು ಬೇಲಿಯ ತನಕ ಹೋದಳು. ಬಲಗೈ ಎತ್ತಿ, ಬಾ ಎಂದು, ಬಂದುಬಿಡು ಎಂದು, ಅವನಿಗೆ ಬೀಸಿದಳು.

ಕಿಟಕಿಯಲ್ಲಿ ಹ್ಯಾರ್ಮರ್ ಮೊದಲು ಅನುಮಾನಿಸಿದಳು. ಆಮೇಲೆ ಅವಳೂ ಕೈ ಎತ್ತಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ತಿರುಗಿ ಬೀಸಿದಳು. ಬೀಸುತ್ತಲೇ ಇನ್ನೊಂದು ಕೈಯಿಂದ ಪರದೆ ಎಳೆದಳು.